ಹಸಿರು ಜೋಡಿ

ಸಂಜೆ ಕಾಫಿಯ ಹೊತ್ತಿಗೆ ಗಂಡ ಹೆಂಡತಿ ಮಣಿಕಟ್ಟಿಗೆ ಕೇಬಲ್ ಸಿಕ್ಕಿಸಿಕೊಂಡು ಕೂತರೆ ಒಬ್ಬರ ದಿನ ಇನ್ನೊಬ್ಬರಿಗೆ ಹರಿಯುತ್ತದೆ. ಶಶಿರೇಖಾಳಿಗೆ ಮೂರು ತಿಂಗಳಿಂದ ಗಂಡನ ಕಡೆಯಿಂದ ಬರೀ ಗುಂಯ್ ಎನ್ನುವ ಸದ್ದು. “ಕೇಬಲ್ ಹಳೆಯದು, ಒಳಗೆ ಅಲ್ಯೂಮಿನಿಯಂ ಇರಬೇಕು” ಎಂದಿದ್ದ ಲೋಹಿತ್. ಅವಳು ಅದನ್ನು ಸುತ್ತಿಕೊಂಡು ನಜೀರನ ಕೇಬಲ್ ಅಂಗಡಿಗೆ ಬಂದಳು.

“ಅಸಲಿ ತಾಮ್ರದ್ದು ಕೊಡಿ ನಜೀರಣ್ಣ. ಒಂದು ಮೀಟರ್ ಸಾಕು.”

“ಜಗಳ ಆಗಿ ದೂರ ಕೂತ ದಿನ ಸಾಲಲ್ಲ ಅಕ್ಕಾ, ಎರಡು ತಗೊಳ್ಳಿ.” ನಜೀರ್ ಹಳೆಯದರ ಪ್ಲಗ್ ಬಿಚ್ಚಿ, ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದ. ಒಳಗೂ ಕೆಂಪೇ. “ಇದು ಅಪ್ಪಟ ತಾಮ್ರ. ಇದಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇಲ್ಲ.”

“ಮತ್ತೆ?”

ಎಂಟು ತಂತಿಗಳಲ್ಲಿ ಹಸಿರು ಜೋಡಿಯನ್ನು ಯಾರೋ ಕತ್ತರಿಸಿ, ನೀಟಾಗಿ ಒಳಗೆ ಮಡಚಿದ್ದರು.

“ಅವರಿಂದ ನಿಮಗೆ ಬರೋದು ಇದರಲ್ಲಿ. ನಿಮ್ಮಿಂದ ಹೋಗೋ ಕಿತ್ತಳೆ ಜೋಡಿ ಸರಿಯಾಗಿದೆ.”

ಗಂಡನ ಮೇಲೆ ಅನುಮಾನ ಬಂದ ದಿನ, ಅನುಮಾನಪಟ್ಟಿದ್ದಕ್ಕೆ ತನ್ನನ್ನೇ ಬೈದುಕೊಂಡ ದಿನ, ಎಲ್ಲವೂ ಲೋಹಿತನಿಗೆ ತಲುಪಿತ್ತು. ಅವನು ಸುಮ್ಮನೆ ಕಾಫಿ ಕುಡಿಯುತ್ತ ಕೂತಿದ್ದ.

“ಜೋಡಿಸಲಾ?”

“ಬೇಡ. ಕಿತ್ತಳೆಯನ್ನೂ ಕತ್ತರಿಸಿ, ಹಾಗೇ ಮಡಚಿಡಿ.”

“ಅವರು ಬಂದು ಕೇಳಿದರೆ?”

“ಹಳೆಯದಾಗಿದೆ, ಅಲ್ಯೂಮಿನಿಯಂ ಅನ್ನಿ.”