ಛತ್ರಿ ಜಾಹೀರಾತಿನ ಕೊನೆಯ ನೋಟು

"ಕೊಡಲ್ಲ ಅಂದ್ರೆ ಕೊಡಲ್ಲ! ಎಷ್ಟು ಸಲ ಹೇಳ್ಬೇಕು ನಿಮಗೆ?" ಛತ್ರಿ ರಿಪೇರಿಯ ಅಜ್ಜಿ ಕೈಯಲ್ಲಿದ್ದ ಇಕ್ಕಳವನ್ನು ನೆಲಕ್ಕೆ ಕುಕ್ಕಿದಳು.

ಎದುರಿಗೆ ನಿಂತಿದ್ದವನು ಮೂರಂತಸ್ತಿನ ಬಟ್ಟೆ ಅಂಗಡಿಯ ಯಜಮಾನ. ಅವನ ತಾತ ನಡೆಸುತ್ತಿದ್ದ ಅಂಗಡಿ. ಅದರ ಮೆಟ್ಟಿಲ ಪಕ್ಕದ ಫುಟ್‌ಪಾತೇ ಅಜ್ಜಿಯ ಜಾಗ. ಅವನಿಗೆ ಹಳೇ ನೋಟಿನ ಹುಚ್ಚು. ಅದೂ ಎಂಥ ನೋಟು! ಹಿಂದೊಮ್ಮೆ ಸರ್ಕಾರ ರಾತ್ರೋರಾತ್ರಿ ನೋಟು ರದ್ದು ಮಾಡಿತ್ತು. ಆಗಿನ ನೋಟಿನ ಹಿಂಬದಿ ಖಾಲಿ. ಅಂಥ ಕಾಗದ ಪುಕ್ಕಟೆ ಸಿಕ್ಕರೆ ವ್ಯಾಪಾರಿಗಳು ಬಿಡುತ್ತಾರೆಯೇ? ಸೋಪಿನವನು, ಹಲ್ಲುಪುಡಿಯವನು, ಎಲ್ಲರೂ ಅದರ ಮೇಲೆ ಜಾಹೀರಾತು ಅಚ್ಚು ಹಾಕಿಸಿ ಬೀದಿ ತುಂಬ ಹಂಚಿದ್ದರು. ಅಜ್ಜಿಯ ಅಪ್ಪನೂ ಛತ್ರಿಯ ಚಿತ್ರ ಹಾಕಿಸಿದ್ದ.

ಈ ಮಹಾಶಯನಿಗೆ ಸೋಪು ಬೇಡ, ಹಲ್ಲುಪುಡಿ ಬೇಡ, ಛತ್ರಿಯದೇ ಬೇಕು. ಕ್ಷೌರಿಕನ ಕನ್ನಡಿಯ ಸಂದಿಯಿಂದ, ನಿವೃತ್ತ ಮೇಷ್ಟರ ಆಲ್ಬಮ್ಮಿನಿಂದ, ಕೇಳಿದಷ್ಟು ಕೊಟ್ಟು ಎಬ್ಬಿಸಿದ್ದ. ಹರಿದಿದ್ದರೂ ಸೈ, ಎಣ್ಣೆ ಹತ್ತಿದ್ದರೂ ಸೈ. ಉಳಿದದ್ದು ಅಜ್ಜಿಯ ಸೂಜಿದಾರದ ಡಬ್ಬಿಯಲ್ಲಿದ್ದ ಇದೊಂದೇ. ಅಪ್ಪನದೊಂದು ಫೋಟೊ ಕೂಡ ಇಲ್ಲದವಳಿಗೆ ಅದೇ ಅಪ್ಪ.

"ನನ್ನ ಹತ್ರ ಇದ್ರೆ ಭದ್ರವಾಗಿರುತ್ತೆ ಅಜ್ಜಿ."

"ಹೌದಾ ಯಜಮಾನ್ರೇ? ಹಾಗಾದ್ರೆ ಉಳಿದವನ್ನ ತಂದು ತೋರ್ಸಿ, ನೋಡೋಣ."

"ಅವೆಲ್ಲ ಒಳಗಿವೆ." ಅವನ ದನಿ ಗಡುಸಾಯಿತು. "ಸುಮ್ನೆ ಕೊಡಿ. ಇಲ್ಲಾಂದ್ರೆ ಇವತ್ತೇ ಈ ಜಾಗ ಖಾಲಿ ಮಾಡಿಸ್ತೀನಿ."

ಥೂ! ದುಡ್ಡಿನ ಮದ ಅಂದರೆ ಇದೇ. ಮುದುಕಿಯ ಅನ್ನಕ್ಕೆ ಕಲ್ಲು ಹಾಕಲೂ ಹೇಸದ ಜನ. ಅಜ್ಜಿ ಹಲ್ಲು ಕಚ್ಚಿದಳು. ಡಬ್ಬಿ ತೆರೆದು ನೋಟನ್ನು ಅವನ ಮುಖಕ್ಕೇ ಹಿಡಿದಳು.

"ತಗೊಳ್ಳಿ. ನಿಮ್ಮ ಬಿಡಿಗಾಸೂ ಬೇಡ ನಂಗೆ."

ಅವನು ಅದನ್ನು ಜೇಬಿಗಿಳಿಸಲಿಲ್ಲ. ಲೈಟರ್ ತೆಗೆದ. ನೋಟಿನ ಮೂಲೆಗೆ ಉರಿ ಮುಟ್ಟಿಸಿದ. ಬಿದ್ದ ಬೂದಿಯನ್ನು ಬೂಟಿನಿಂದ ತಿಕ್ಕಿದ.

"ಎಲ್ಲಾನೂ ಹೀಗೇ ಸುಟ್ರಾ?" ಅಜ್ಜಿ ಕೇಳಿದಳು.

"ಎಲ್ಲಾನೂ. ಪೀಡೆ ತೊಲಗಿತು."

"ಅಂದ್ಕೊಂಡೆ!" ಅಜ್ಜಿ ಪಕ್ಕದಲ್ಲಿದ್ದ ಗಂಟು ಬಿಚ್ಚಿದಳು. ಒಳಗೆ ಅಪ್ಪನ ಪೆಟ್ಟಿಗೆಯಲ್ಲಿ ಉಳಿದಿದ್ದ ರದ್ದು ನೋಟುಗಳ ರಾಶಿ. ಅಪ್ಪನ ಹಳೇ ಅಚ್ಚಿನ ಬ್ಲಾಕಿನಲ್ಲೇ ನಿನ್ನೆ ಅಚ್ಚು ಹಾಕಿಸಿ ತಂದದ್ದು. ಶಾಯಿ ಇನ್ನೂ ಕೈಗೆ ಹತ್ತುತ್ತಿತ್ತು. ಅವನು ಬಾಯಿ ತೆರೆಯುವ ಮುಂಚೆಯೇ ಅವನ ಮೆಟ್ಟಿಲೇರುತ್ತಿದ್ದ ಗಿರಾಕಿಗಳ ಕೈಗೆ ಒಂದೊಂದನ್ನೇ ತುರುಕತೊಡಗಿದಳು. ಮೊದಲು ಸಿಕ್ಕವಳು ಛತ್ರಿಯ ಕೆಳಗೆ ಅಪ್ಪ ಅಂದೇ ಬರೆಸಿದ್ದ ಸಾಲನ್ನು ಗಟ್ಟಿಯಾಗಿ ಓದಿದಳು:

"ನೋಟು ರದ್ದಾಗುವ ಸುದ್ದಿ ಮೊದಲೇ ತಿಳಿದು, ಹಿಂದಿನ ದಿನ ಇವನ್ನೇ ಕೊಟ್ಟು ನನ್ನ ಅಂಗಡಿ ನುಂಗಿದವನು ಈ ಬೀದಿಯ ಬಟ್ಟೆ ವ್ಯಾಪಾರಿ, ಛತ್ರಿ ಬೇಕಾದವರು ಅವನ ಮೆಟ್ಟಿಲ ಪಕ್ಕಕ್ಕೆ ಬನ್ನಿ, ಅಲ್ಲೇ ಕೂತಿದ್ದೇನೆ."