ಮೂರನೆಯ ತೂತು

2011ರ ನವೆಂಬರ್ 14, ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಚೆನ್ನಯ್ಯ ಕಾರಿನ ಕೀಲಿ ತಿರುಗಿಸಿದ. ಪೈವಳಿಕೆಯ ಆ ಒಳದಾರಿಯ ಕಾಗೆಗಳೆಲ್ಲ ಒಮ್ಮೆಗೇ ಮೇಲೆದ್ದವು.

ಎಂಜಿನ್ ನಿಲ್ಲಿಸಿ, ಗೋಣಿ ಹಾಸಿ, ಟಾರ್ಚ್ ಹಿಡಿದು ಕಾರಿನಡಿಗೆ ತೂರಿದ. ಸೈಲೆನ್ಸರಿನ ಹೊಟ್ಟೆಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು. ತಗಡಿನ ಅಂಚು ಒಳಕ್ಕೆ ಬಾಗಿತ್ತು. ತುಕ್ಕು ಹೀಗೆ ತಿನ್ನುವುದಿಲ್ಲ. ಯಾರೋ ಹೊರಗಿನಿಂದ ಚುಚ್ಚಿದ್ದರು.

ಯಾರೋ ಎಂದೇನು. ಉಗ್ಗಪ್ಪ.

ಗೋಡೆಯಾಚೆಯ ಮನೆಯ ಉಗ್ಗಪ್ಪ ಆ ಸದ್ದಿನ ಬಗ್ಗೆ ಗೊಣಗಲು ಶುರುಮಾಡಿ ಬಹಳ ದಿನವಾಗಿತ್ತು. ಕಾರು ಬಂದರೆ ತನ್ನ ದನ ಹಗ್ಗ ಹರಿಯುತ್ತದೆಂದು ಅಂಗಡಿಯಲ್ಲಿ ಹೇಳಿ ನಗಿಸಿದ್ದ. ಹೊಸ ಸೈಲೆನ್ಸರ್ ಹಾಕಿಸಿದರೆ ಅರ್ಧ ಖರ್ಚು ತನ್ನದು ಎಂದೂ ನಾಲ್ಕು ಜನರೆದುರು ಹೇಳಿದ್ದ. ಆ ಅವಮಾನವನ್ನು ಚೆನ್ನಯ್ಯ ಮರೆತಿರಲಿಲ್ಲ.

ಸ್ಪ್ಯಾನರ್ ಹಿಡಿದುಕೊಂಡೇ ಗೋಡೆ ಹಾರಿದ. ದನದ ಹಟ್ಟಿಯ ಎದುರು ಹಾಲಿನ ಚೆಂಬು ಹಿಡಿದು ನಿಂತಿದ್ದ ಮುದುಕನ ಅಂಗಿಯ ಕೊರಳಪಟ್ಟಿ ಅವನ ಮುಷ್ಟಿಗೆ ಬಂತು. ಹಾಲು ಚೆಲ್ಲಿತು.

"ಎಂತ ಮಾರಾಯಾ ಇದು?" ಉಗ್ಗಪ್ಪ ಕೈ ಬಿಡಿಸಿಕೊಳ್ಳಲಿಲ್ಲ. "ಶಬ್ದ ಬೇಡ ಅಂತ ಊರಿಡೀ ಬೊಬ್ಬೆ ಹಾಕಿದವ ನಾನು. ನಾನೇ ತೂತು ಮಾಡ್ಲಿಕ್ಕೆ ನಂಗೆ ಮರ್ಲುಂಟಾ?"

ಹೆಂಡತಿ ರಾಜೀವಿ ಪಂಪಿನ ಕೊಟ್ಟಿಗೆಯಿಂದ ಓಡಿ ಬಂದಳು. ಕೈ ಒದ್ದೆಯಾಗಿತ್ತು.

"ಬಿಡಿ ಅವರನ್ನು. ಅವರಲ್ಲ."

"ನಿಂಗೆಂತ ಗೊತ್ತು?"

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಚೆನ್ನಯ್ಯ ಅಂಗಿ ಬಿಟ್ಟ. ಆದರೆ ಸ್ಪ್ಯಾನರನ್ನು ಮನೆ ಮುಟ್ಟುವವರೆಗೂ ಕೆಳಗಿಳಿಸಲಿಲ್ಲ.

ಕೋಪಕ್ಕೆ ಕಾರಣವಿತ್ತು. ಕಾರು 1996ರ ಮಾರುತಿ. ಹದಿನೈದು ವರ್ಷದ ರಿಜಿಸ್ಟ್ರೇಷನ್ ತಿಂಗಳ ಕೊನೆಗೆ ಮುಗಿಯುತ್ತದೆ. ಈ ಸದ್ದಿನ ಗಾಡಿಯನ್ನು ಕಾಸರಗೋಡಿನ ಆರ್‌ಟಿಒ ಕಚೇರಿಯಲ್ಲಿ ಯಾರೂ ಪಾಸು ಮಾಡುವುದಿಲ್ಲ. ಪಾಸಾಗದಿದ್ದರೆ ಅಂಗಡಿಯಿಂದ ಅಂಗಡಿಗೆ ಬಿಸ್ಕತ್ತು, ಮಿಕ್ಸ್ಚರ್ ಹಾಕುವ ಅವನ ಕೆಲಸ ಬೇರೆಯವರ ಪಾಲು.

ಹೊಸ ಸೈಲೆನ್ಸರ್ ಕೊಳ್ಳುವ ಶಕ್ತಿ ಇರಲಿಲ್ಲ. ಮೊದಲ ಸಲ ಎಣ್ಣೆಡಬ್ಬಿಯ ತಗಡು ಸುತ್ತಿ, ತಂತಿ ಬಿಗಿದು, ಮೇಲೆ ಪುಟ್ಟಿ ಮೆತ್ತಿದ್ದ. ಬಿಚ್ಚಿಕೊಂಡಿತು. ಎರಡನೆಯ ಸಲ ಕ್ಲಾಂಪ್ ಹಾಕಿದ್ದ. ಅದರ ನಟ್ಟು ಸಡಿಲವಾಗಿ ಬಿತ್ತು. ಎರಡು ಸಲವೂ ರಸ್ತೆಯನ್ನು ಬೈದಿದ್ದ. ಮೊನ್ನೆ ಶನಿವಾರ ಉಪ್ಪಳದ ಮುದ್ದಣ್ಣನಿಂದ ಗ್ಯಾಸ್ ವೆಲ್ಡಿಂಗ್ ಮಾಡಿಸಿದ್ದ.

ಎಂಥ ವೆಲ್ಡಿಂಗ್! ಆ ಸಂಜೆ ಕಾರು ಬೆಕ್ಕಿನ ಹಾಗೆ ಬಂದು ಗೇಟಿನ ಒಳಗೆ ನಿಂತಿತ್ತು. ಆದರೆ ಮನೆಯೊಳಗೆ ಎಲ್ಲ ಕೆಟ್ಟಿತ್ತು. ಬೇರೆ ದಿನವಾದರೆ ಅವನು ಮೆಟ್ಟಿಲು ಹತ್ತುವಾಗ ಚಹಾ ಲೋಟದಲ್ಲಿ ಹಬೆಯಾಡುತ್ತಿರುತ್ತಿತ್ತು, ದೀಪ ಹಚ್ಚಿರುತ್ತಿತ್ತು, ರಾಜೀವಿ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅಷ್ಟು ಶಿಸ್ತಿನಲ್ಲಿ ಮನೆ ಇಟ್ಟುಕೊಂಡಿದ್ದೇನೆ ಎಂಬ ಹೆಮ್ಮೆ ಅವನಿಗಿತ್ತು. ಆ ದಿನ ಒಲೆ ತಣ್ಣಗಿತ್ತು. ಅವಳು ಕಿಟಕಿಯ ಬಳಿ ಪಿಎಸ್‌ಸಿ ಗೈಡ್ ಓದುತ್ತಿದ್ದಳು. ಬಿ.ಎಸ್‌ಸಿ. ಮಾಡಿದ್ದನ್ನು ಅವಳಿನ್ನೂ ಮರೆತಿರಲಿಲ್ಲ. ಆಫೀಸಿಗೆ ಹೋಗುವ ಹೆಂಗಸು ಈ ಮನೆಗೆ ಬೇಡ ಎಂದು ಎಷ್ಟು ಸಲ ಹೇಳಬೇಕು? ಒಲೆ ಆಗ ಹೊತ್ತಿತು, ಗೈಡ್ ಅದರೊಳಗೆ ಹೋಯಿತು. ತಡೆಯಲು ಬಂದ ಕೈಯ ಬಳೆ ಒಡೆಯಿತು. ಅಷ್ಟಕ್ಕೇ ಮುಗಿಯಿತು.

ಈಗ ಅದೇ ವೆಲ್ಡಿಂಗಿನ ಪಕ್ಕದಲ್ಲಿ ತೂತು.

ಮುದ್ದಣ್ಣ ಬೆರಳು ಹಾಕಿ ನೋಡಿ, "ಯಾರಿಗೋ ನಿಮ್ಮ ಮೇಲೆ ಭಾರೀ ಕೋಪ ಉಂಟು ಚೆನ್ನಯ್ಯಣ್ಣ," ಎಂದ. ಆಮೇಲೆ ಗುಜರಿಯಿಂದ ಬಂದಿದ್ದ ಹಳೆಯ ಸೈಲೆನ್ಸರ್ ಒಂದನ್ನು ಅಗ್ಗಕ್ಕೆ ಕೂರಿಸಿಕೊಟ್ಟ.

ಸಂಜೆ ಕಾರು ಮತ್ತೆ ಸದ್ದಿಲ್ಲದೆ ಬಂತು. ಮತ್ತೆ ಚಹಾ ಇರಲಿಲ್ಲ. ರಾಜೀವಿ ಅಕ್ಕಿಡಬ್ಬಿಯ ಮುಚ್ಚಳ ಒತ್ತಿ ಹಿಡಿದು ನಿಂತಿದ್ದಳು. ಖಾಲಿ ಲೋಟ ಅವಳ ಕಿವಿಯ ಪಕ್ಕದಿಂದ ಹಾರಿ ಗೋಡೆಗೆ ಬಡಿಯಿತು.

ಕೋಪ ಇಳಿದ ಮೇಲೆ ಚೆನ್ನಯ್ಯ ಯೋಚನೆ ಮಾಡಿದ. ಕಾರನ್ನು ಸೌದೆ ಶೆಡ್ಡಿಗೆ ನುಗ್ಗಿಸಿ, ಬಾಗಿಲಿಗೆ ಬೀಗ ಜಡಿದ. ಕೀಲಿಯನ್ನು ರಾಜೀವಿಯ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಯಾರಿಗೂ ಕೊಡ್ಬೇಡ. ಆ ಮುದುಕ ಎಂತ ಮಾಡ್ತಾನೆ ನೋಡುವ."

"ಇಲ್ಲ," ಎಂದಳು ಅವಳು. "ಯಾರಿಗೂ ಕೊಡುವುದಿಲ್ಲ."

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಸ್ನಾನಕ್ಕೆ ಹೋದ. ಅವಳು ಎಂದಿನಂತೆ ಟಾಂಕಿ ತುಂಬಿಸಲು ಪಂಪು ಹಾಕಿದಳು. ಪಂಪಿನ ಗುಡುಗಿನಲ್ಲಿ ಬೇರೆ ಯಾವ ಸದ್ದೂ ಬಚ್ಚಲಿಗೆ ಕೇಳುವಂತಿರಲಿಲ್ಲ. ಅಕ್ಕಿಡಬ್ಬಿಯ ತಳದಲ್ಲಿ ಉಗ್ಗಪ್ಪನ ಸೊಸೆ ಕೊಟ್ಟ ಇನ್ನೊಂದು ಗೈಡ್ ಇತ್ತು. ಕನ್ನಡ ಬಲ್ಲ ಗುಮಾಸ್ತರ ಹುದ್ದೆಗೆ ಪರೀಕ್ಷೆ ಶನಿವಾರ.

ರಾಜೀವಿ ಶೆಡ್ಡಿನ ಬೀಗ ತೆಗೆದು, ಸುತ್ತಿಗೆ ಮತ್ತು ಉಳಿ ಹಿಡಿದು ಕಾರಿನಡಿಗೆ ತೂರಿದಳು.

ಸೈಲೆನ್ಸರ್ ಸರಿಯಿದ್ದರೆ ಆ ಕಾರು ಗೇಟಿಗೆ ಬಂದ ಮೇಲಷ್ಟೇ ಕೇಳುತ್ತದೆ; ತೂತಿದ್ದರೆ ಶಾಲೆಯ ತಿರುವಿನಿಂದಲೇ, ಗೇಟಿಗೆ ಇನ್ನೂ ಸಾವಿರದ ಇನ್ನೂರು ಮೀಟರ್ ಇರುವಾಗ.