ಭಂಡಾರದ ಹಳ್ಳ

ರವಿವಾರ ಬೆಳಿಗ್ಗೆ ಮರಾಠಿ ನಾಡಿನ ಕೊಂಢವಾ ಊರಿನ ಹಳ್ಳ ಹಳದಿಯಾಗಿ ಹರಿಯಿತು. ದಂಡೆಯ ಗುಡಿಸಲುಗಳಲ್ಲಿದ್ದ ಯಾದಗಿರಿ ಕಡೆಯ ಗಾರೆ ಕೆಲಸದವರು ಕೊಡ ಕೆಳಗಿಟ್ಟು ಬಾಯಿ ಬಿಟ್ಟುಕೊಂಡು ನಿಂತರು. ಮುದುಕ ಭೀಮಣ್ಣ ಮಾತ್ರ ಬಗ್ಗಿ ಬೊಗಸೆ ನೀರೆತ್ತಿ ಹಣೆಗೆ ಹಚ್ಚಿಕೊಂಡ. ಮೈಲಾರಲಿಂಗನ ಒಕ್ಕಲು ಅವನು. ದೇವರ ವಾರ, ಮೇಲೆ ಅರಿಶಿನದ ಬಣ್ಣ. ಇನ್ನೇನು ಬೇಕು?

“ಮೈಲಾರಪ್ಪನ ಗುಡಿ ಇರೋ ಜೇಜೂರಿ ಇಲ್ಲಿಂದ ಭಾಳ ದೂರ ಇಲ್ಲ. ತನ್ನ ಅರಿಶಿನದ ಭಂಡಾರ ನಮ್ಮ ಹಳ್ಳಕ್ಕ ಬಿಟ್ಟಾನ,” ಎಂದ.

ಸೊಸೆ ಚಂದಮ್ಮ ನೀರು ಮೂಸಿ ಮುಖ ಕಿವುಚಿದಳು. ವಾರದಿಂದ ನೀರು ನಾರುತ್ತಿತ್ತು. ಕಂಕುಳಲ್ಲಿದ್ದ ಕೂಸಿನ ಬೆನ್ನಿಗೆ ಕೆಂಪು ಗುಳ್ಳೆ ಎದ್ದಿದ್ದವು. ಎರೆಯಲು ಈ ಹಳ್ಳ ಬಿಟ್ಟರೆ ಬೇರೆ ನೀರಿಲ್ಲ. ಹಾಗಂತ ಮಾವನ ದೇವರ ಮುಂದೆ ನಾಲಿಗೆ ಉದ್ದ ಮಾಡುವವಳಲ್ಲ. ಜಾಣೆ.

“ಮಾವಾ, ಭಂಡಾರ ಎಲ್ಲಿ ಹುಟ್ಟ್ಯಾದೋ ಅಲ್ಲೇ ಹೋಗಿ ಪೂಜಿ ಮಾಡಬೇಕಲ್ರಿ. ಕೆಳಗ ನಿಂತು ಕೈ ಮುಗದರ ದೇವ್ರು ಏನಂದಾನು?”

ಅಷ್ಟು ಸಾಕಾಯಿತು. ಭೀಮಣ್ಣ ಮೈಲಾರನ ಸೇವೆಯಲ್ಲಿ ಎಳೆದು ತುಂಡು ಮಾಡುವ ಕಬ್ಬಿಣದ ಸರಪಳಿ ಹೊರತೆಗೆದ. ಇಡೀ ಗುಡಿಸಲು ಸಾಲು ಅರಿಶಿನ ಬಳಿದುಕೊಂಡು, “ಏಳುಕೋಟಿ ಏಳುಕೋಟಿಗೋ” ಎನ್ನುತ್ತ ಹಳ್ಳದಗುಂಟ ಮೇಲೆ ನಡೆಯಿತು.

ತಿರುವಿನಾಚೆ ಹೊಸದೊಂದು ತಗಡಿನ ಶೆಡ್ಡು; ಅದರ ಕೊಳವೆಯಿಂದ ಭಂಡಾರ ದಬದಬ ಬೀಳುತ್ತಿತ್ತು. ನೂಲಿಗೆ ಬಣ್ಣ ಹಾಕುವ ಬಿಂದುಮಾಧವ ಶೇಟ್ ಗದ್ದಲ ಕೇಳಿ ಹೊರಬಂದ. ಎದುರಿಗೆ ದೊಡ್ಡ ಗುಂಪು, ಮುಂದೆ ಸರಪಳಿ ಬೀಸುವ ಮುದುಕ. ಅದು ಸೇವೆಯೆಂದು ಆ ಗಾಬರಿಯಲ್ಲಿ ಬಡಪಾಯಿಗೆ ಹೊಳೆಯಲೇ ಇಲ್ಲ.

“ಮಾರೂ ನಕಾ, ಮಾರೂ ನಕಾ,” ಎಂದು ಕೈ ಮುಗಿದು ಮರಾಠಿಯಲ್ಲಿ ಒಂದೇ ಸಮನೆ ಬಡಬಡಿಸಿದ. ಆಳುಗಳನ್ನು ಕೂಗಿ ಎಲ್ಲರ ಎದುರೇ ಕೊಳವೆಗೆ ಸಿಮೆಂಟು ತುಂಬಿಸಿದ. ಸರಪಳಿ ಗಾಳಿಯಲ್ಲೇ ನಿಂತಿತು.

“ಏನಂತಾನ ಇಂವ?” ಭೀಮಣ್ಣನ ಮರಾಠಿ ಅಷ್ಟಕ್ಕಷ್ಟೆ.

“ಬಡೀಬ್ಯಾಡ್ರಿ ಅಂತಾನ. ಬಣ್ಣದ ನೀರು ಇಂವಂದೇ ಅಂತ್ರಿ. ಇನ್ನ ಬಿಡಂಗಿಲ್ಲಂತ,” ಎಂದಳು ಚಂದಮ್ಮ.

ಭೀಮಣ್ಣನ ಮುಖ ಸಪ್ಪಗಾಯಿತು. ಆದರೆ ಮುದುಕ ಒಮ್ಮೆಲೇ ಹೊಟ್ಟೆ ಹಿಡಿದು ನಕ್ಕು, ಸಂಚಿಯಿಂದ ನಿಜವಾದ ಭಂಡಾರ ತೆಗೆದು ಶೇಟ್‌ನ ಹಣೆಗೆ ಬಳಿದ. “ಬೇಡೂದಕ್ಕಿಂತ ಮೊದ್ಲೇ ಚಲೋ ನೀರು ಕೊಟ್ಟನಲ್ಲವ್ವ ನಮ್ಮ ಮೈಲಾರಪ್ಪ.”

ಮಧ್ಯಾಹ್ನಕ್ಕೆ ಹಳ್ಳದ ತಳದ ಹರಳು ಕಂಡವು. ಮಕ್ಕಳು ದುಡುಮ್ಮನೆ ಹಾರಿದರು, ಹೆಂಗಸರು ಹಾಡುತ್ತ ಸೀರೆ ಒಗೆದರು. ಕೂಸಿಗೆ ನೀರು ಹಾಕುತ್ತ ಚಂದಮ್ಮ ಕೇಳಿದಳು:

“ಮಾವಾ, ಅಲ್ಲೇ ಮ್ಯಾಲ ಸಾಬಾಣದ ಕಾರ್ಖಾನಿ ಬರ್ಲಿಕತ್ತದಂತ. ಅದರ ನೀರು ಬೆಳ್ಳಗಿರ್ತದ. ಅಲ್ಲಿಗಿ ಯಾವ ದೇವ್ರನ್ನ ಕರಕೊಂಡು ಹೋಗೋಣ್ರಿ?”